ರಾತ್ರಿ ಒಂದು ಗಂಟೆಗೆ ಮಗ ಯಾರಿಗೆ ಫೋನ್ ಮಾಡುತ್ತಾನೆ?

2024ರ ಮೇ 19ರ ನಸುಕಿನಲ್ಲಿ, ಗಂಟೆ ಎರಡೂವರೆಯ ಸುಮಾರಿಗೆ, ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ, ಬೈಕಿನ ಮೇಲಿದ್ದ ಮಧ್ಯಪ್ರದೇಶ ಮೂಲದ ಇಬ್ಬರು ಯುವ ಎಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಕಾರು ಬೆಂಗಳೂರಿನ ಡೀಲರರಿಂದ ಬಂದದ್ದು. ಪುಣೆಯಲ್ಲಿ ಅದರ ಕಾಯಂ ನೋಂದಣಿಗೆ ಕಟ್ಟಬೇಕಿದ್ದ 1,758 ರೂಪಾಯಿ ಶುಲ್ಕ ಬಾಕಿ ಉಳಿದಿತ್ತು. ಸ್ಟಿಯರಿಂಗ್ ಹಿಡಿದಿದ್ದ ಹುಡುಗನಿಗೆ 17 ವರ್ಷ. ಹನ್ನೆರಡನೇ ತರಗತಿಯ ಫಲಿತಾಂಶದ ಸಂಭ್ರಮಕ್ಕೆಂದು ಗೆಳೆಯರ ಜೊತೆ ಎರಡು ಕಡೆ ಕುಳಿತು ಕುಡಿದು ಹೊರಟಿದ್ದ ಎಂಬುದು ಪೊಲೀಸರ ಆರೋಪ. ಹದಿನೈದು ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ಅದರ ಷರತ್ತುಗಳಲ್ಲಿ ಒಂದು, ರಸ್ತೆ ಸುರಕ್ಷತೆಯ ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬುದು.

ಆ ಪ್ರಬಂಧದ ಬಗ್ಗೆ ದೇಶವೆಲ್ಲ ಮಾತಾಡಿತು, ಮಾತಾಡಬೇಕಾದದ್ದೇ. ಆದರೆ ಇಪ್ಪತ್ತೆರಡು ವರ್ಷಗಳಿಂದ ಪುಣೆಯ ಕೋಥ್ರೂಡಿನಲ್ಲಿ ಸಂಸಾರ ಹೂಡಿರುವ, ಮನೆಯಲ್ಲಿ ಹದಿಹರೆಯದ ಮಗನಿರುವ ನನ್ನಂಥವನನ್ನು ಇಂದಿಗೂ ಕಾಡುವುದು ಅಪಘಾತದ ನಂತರ ನಡೆದದ್ದಕ್ಕಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ನಾಲ್ಕೈದು ಗಂಟೆಗಳು. ಅಂಥ ಪ್ರತಿಯೊಂದು ರಾತ್ರಿಯಲ್ಲೂ ಯಾರೋ ಒಬ್ಬ ದೊಡ್ಡವರು ಕೀ ಕೊಟ್ಟಿರುತ್ತಾರೆ ಅಥವಾ ಕೈಗೆ ಸಿಗುವಂತೆ ಇಟ್ಟಿರುತ್ತಾರೆ, ಇನ್ನೊಬ್ಬರು ಗ್ಲಾಸು ತುಂಬಿಸಿರುತ್ತಾರೆ, ಮತ್ತೊಬ್ಬರು ಪಾರ್ಕಿಂಗಿನಿಂದ ಗಾಡಿ ಹೊರಗೆ ತಂದುಕೊಟ್ಟಿರುತ್ತಾರೆ. ಅದೆಲ್ಲ ಆದ ಮೇಲೆ, ಕೈಯಲ್ಲಿ ಕೀ ಹಿಡಿದು ನಿಂತ ಹುಡುಗನ ತಲೆಯೊಳಗೆ ಒಂದು ಸಣ್ಣ ಲೆಕ್ಕ ನಡೆಯುತ್ತದೆ: ಮನೆಗೆ ಫೋನ್ ಮಾಡಿದರೆ ಬೈಗುಳ ಖಂಡಿತ, ಗಾಡಿ ಓಡಿಸಿಕೊಂಡು ಹೋದರೆ ಏನೂ ಆಗದೆ ಮುಟ್ಟಿದರೂ ಮುಟ್ಟಬಹುದು. ತಂದೆತಾಯಿಯರಾಗಿ ನಮ್ಮ ಕೈಯಲ್ಲಿರುವ ತಡೆಯೆಂದರೆ ಈ ಲೆಕ್ಕವನ್ನು ಬಹಳ ಮೊದಲೇ ಬದಲಿಸಿಡುವುದು. ಕಾನೂನು, ಪೊಲೀಸು, ಜಾಮೀನು ಎಲ್ಲವೂ ಅದಾದ ಮೇಲೆ ಬರುವಂಥವು.

ಹಾಗೆಂದು ಕಾನೂನನ್ನು ತಿಳಿಯದೆ ಇರುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಇದಕ್ಕಿರುವ ವಿನಾಯಿತಿ ಒಂದೇ: 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನವನ್ನು 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು. 'ಹದಿನಾರಕ್ಕೆ ಗೇರ್ ಇಲ್ಲದ ಗಾಡಿ ನಡೆಯುತ್ತದೆ' ಎಂಬ ಮಾತು ಪುಣೆಯ ಪ್ರತಿಯೊಂದು ಸೊಸಾಯಿಟಿಯ ಪಾರ್ಕಿಂಗಿನಲ್ಲೂ ಕೇಳಿಬರುವುದು ಈ ವಿನಾಯಿತಿಯ ಅರ್ಧ ನೆನಪಿನಿಂದ. ಆದರೆ ನಮ್ಮ ಮಕ್ಕಳು ಕ್ಲಾಸಿಗೆ ಒಯ್ಯುವ ಆಕ್ಟಿವಾದಂಥ ಸ್ಕೂಟರಿನ ಎಂಜಿನ್ 110 ಸಿಸಿಯ ಆಸುಪಾಸಿನದು. 50 ಸಿಸಿಯ ಹಳೆಯ ಮೊಪೆಡ್ಡುಗಳು ರಸ್ತೆಯಿಂದ ಮಾಯವಾಗಿ ವರ್ಷಗಳೇ ಕಳೆದಿವೆ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟಿನೊಳಗಿನ ಸಣ್ಣ ವಿದ್ಯುತ್ ಗಾಡಿಗೆ ಲೈಸೆನ್ಸ್ ಬೇಡ ಎಂಬುದು ನಿಜ, ಆದರೆ ಆ ರಿಯಾಯಿತಿ ಅಷ್ಟಕ್ಕೆ ಮಾತ್ರ. ಹತ್ತನೇ ತರಗತಿ ಮುಗಿಸಿದ ಮಗನಿಗೆ ಆಕ್ಟಿವಾ ಕೊಡುವವರು, ಅವನು ಒಂದು ಹನಿ ಕುಡಿಯದಿದ್ದರೂ, ಆ ದಿನದಿಂದಲೇ ಕಾನೂನಿನ ಹೊರಗಿರುತ್ತಾರೆ.

2019ರ ಸೆಪ್ಟೆಂಬರ್ 1ರಿಂದ ಈ ತಪ್ಪಿನ ಹೊಣೆ ನೇರವಾಗಿ ನಮ್ಮ ಹೆಗಲಿಗೆ ಬಂದಿದೆ. ತಿದ್ದುಪಡಿಯಾದ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧ ಎಸಗಿದರೆ ಅವನ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಶಿಕ್ಷೆ ಮೂರು ವರ್ಷದವರೆಗಿನ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಗ ವಾಹನ ಒಯ್ದದ್ದು ಪೋಷಕರ ಒಪ್ಪಿಗೆಯಿಂದಲೇ ಎಂದು ನ್ಯಾಯಾಲಯ ಭಾವಿಸಿಕೊಂಡು ಹೊರಡುತ್ತದೆ. ತನಗೆ ಗೊತ್ತಿರಲಿಲ್ಲ ಅಥವಾ ತಡೆಯಲು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತುಪಡಿಸುವ ಭಾರ ಪೋಷಕರದ್ದು. ಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕಿ ಮಲಗುವವರು ಈ ಭಾರವನ್ನು ಹೊರುವುದು ಕಷ್ಟ. ಇನ್ನು ವಿಮೆಯ ಮಾತು. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ, ಲೈಸೆನ್ಸ್ ಇಲ್ಲದವನು ಅಪಘಾತ ಮಾಡಿದರೂ ವಿಮಾ ಕಂಪನಿ ಮೃತರ ಕುಟುಂಬಕ್ಕೆ ಪರಿಹಾರ ಕೊಡಬೇಕಾಗಬಹುದು, ಆದರೆ ವಾಹನ ಕೊಟ್ಟ ಮಾಲೀಕನ ನಿರ್ಲಕ್ಷ್ಯ ಕಂಡುಬಂದರೆ ಅಷ್ಟೂ ಹಣವನ್ನು ಅವನಿಂದ ವಸೂಲು ಮಾಡಬಹುದು. ಒಂದು ಮಧ್ಯಮ ವರ್ಗದ ಮನೆ, ಊರಿನಲ್ಲಿರುವ ತುಂಡು ತೋಟ, ನಿವೃತ್ತಿಯ ಹಣ ಎಲ್ಲವೂ ಅದರಲ್ಲಿ ಹೋಗಬಹುದು.

ಮದ್ಯದ ವಯಸ್ಸಿನ ಕುರಿತೂ ಇಂಥದೇ ಗೊಂದಲವಿದೆ. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿ, ರಮ್ಮಿನಂಥ ಗಟ್ಟಿ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಕಾರು ಓಡಿಸಲು 18 ಸಾಕಾದ್ದರಿಂದ, 'ಹದಿನೆಂಟಾಯಿತಲ್ಲ, ಇನ್ನು ಅವನ ಇಷ್ಟ' ಎಂದು ಕೈಚೆಲ್ಲುವ ತಂದೆಯರು ಬಹಳ. ಕಿಸೆಯಲ್ಲಿ ಹೊಸ ಲೈಸೆನ್ಸ್ ಇದೆ, ಕುಡಿಯುವ ವಯಸ್ಸು ಬರಲು ಇನ್ನೂ ಮೂರೋ ಏಳೋ ವರ್ಷವಿದೆ. ಅಪಾಯ ಹೆಚ್ಚುವುದು ಈ ನಡುವಿನ ಹರೆಯದಲ್ಲೇ. ಮಗುವಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಅಡಿಯಲ್ಲಿ ಏಳು ವರ್ಷದವರೆಗಿನ ಕಠಿಣ ಸಜೆಗೂ ಒಂದು ಲಕ್ಷದವರೆಗಿನ ದಂಡಕ್ಕೂ ಕಾರಣವಾಗುವ ಅಪರಾಧ.

ಇಲ್ಲಿ ಮುಂಬೈ, ಪುಣೆಯ ಕನ್ನಡಿಗರಿಗೆ ಒಂದು ವಿಶೇಷ ಹೊಣೆಯಿದೆ ಎಂದು ನಾನು ನಂಬಿದ್ದೇನೆ. 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಪರವಾನಗಿ ಪದ್ಧತಿಯಿಂದ ಹುಟ್ಟಿದ 'ಪರ್ಮಿಟ್ ರೂಮ್' ಎಂಬ ಬಾರಿನ ಫಲಕದ ಹಿಂದೆ ಕುಳಿತವರಲ್ಲಿ ಉಡುಪಿ, ಕಾರ್ಕಳ, ಕುಂದಾಪುರ ಕಡೆಯ ನಮ್ಮವರು ಎಷ್ಟೋ ಮಂದಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯವರೆಗೆ ಬಂದ ತಲೆಮಾರು ಅದು. ಅಂಥ ಒಬ್ಬ ಹಿರಿಯ ಗೆಳೆಯರು ತಮ್ಮ ಶುಕ್ರವಾರದ ರಾತ್ರಿಗಳ ಬಗ್ಗೆ ಹೇಳುತ್ತಿದ್ದರು. ಆರು ಹುಡುಗರು ಬರುತ್ತಾರೆ, ವಯಸ್ಸಿನ ಪುರಾವೆ ಕೇಳಿದರೆ ಒಬ್ಬ ಮೊಬೈಲಿನಲ್ಲಿ ಅಣ್ಣನ ಆಧಾರ್ ಕಾರ್ಡಿನ ಫೋಟೊ ತೋರಿಸುತ್ತಾನೆ, ಉಳಿದವರು ಮೆನು ನೋಡುವವರಂತೆ ತಲೆ ತಗ್ಗಿಸುತ್ತಾರೆ. ಎಬ್ಬಿಸಿ ಕಳಿಸಿದರೆ ಆ ಟೇಬಲ್ಲಿನ ವ್ಯಾಪಾರ ಹೋಯಿತು, ಮತ್ತು ಆ ಹುಡುಗರು ಮನೆಗೇನೂ ಹೋಗುವುದಿಲ್ಲ, ಇನ್ನೊಂದು ಬಾಗಿಲು ತಟ್ಟುತ್ತಾರೆ. "ಆದರೂ ಎಬ್ಬಿಸುತ್ತೇನೆ. ನನ್ನ ಮೊಮ್ಮಗ ಇನ್ಯಾರದೋ ಟೇಬಲ್ಲಿನಲ್ಲಿ ಕೂತಿದ್ದರೆ ಅವರೂ ಎಬ್ಬಿಸಲಿ ಅಂತ" ಎಂದರು. ನಮ್ಮ ಸಂಘಗಳಲ್ಲಿ ವಿದ್ಯಾರ್ಥಿವೇತನ ವಿತರಣೆಯ ವೇದಿಕೆಯ ಮೇಲೆ ಹೋಟೆಲ್ ಮಾಲೀಕರೂ ಕೆಳಗೆ ಮಕ್ಕಳ ತಂದೆತಾಯಿಯರೂ ವರ್ಷಕ್ಕೊಮ್ಮೆ ಒಂದೇ ಸಭಾಂಗಣದಲ್ಲಿ ಸೇರುತ್ತಾರೆ. ಈ ಮಾತು ಆಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ?

ಕುಡಿತದ ಪ್ರಮಾಣದ ಬಗ್ಗೆ ಮಕ್ಕಳಿಗಿರುವ ತಿಳಿವಳಿಕೆ ಅಪಾಯಕಾರಿ, ದೊಡ್ಡವರದ್ದೂ ಅಷ್ಟೇ. 'ಬರೀ ಬಿಯರು' ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಆಲ್ಕೊಹಾಲ್ ಇರುತ್ತದೆ. 60 ಕಿಲೋ ತೂಕದ ಹುಡುಗ ಅದನ್ನು ಬೇಗ ಬೇಗ ಮುಗಿಸಿದರೆ ಅವನ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೊಹಾಲ್ ಸುಮಾರು 80ರಿಂದ 100 ಮಿಲಿಗ್ರಾಂ ಮುಟ್ಟುತ್ತದೆ. ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 30 ಮಿಲಿಗ್ರಾಂ. ಒಂದೇ ಬಾಟಲಿಗೆ ಅವನು ಮಿತಿಯ ಸುಮಾರು ಮೂರು ಪಟ್ಟು ದಾಟಿರುತ್ತಾನೆ. ಯಕೃತ್ತು ಅದನ್ನು ಕರಗಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ವೇಗದಲ್ಲಿ. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಬಾಟಲಿ ಕೆಳಗಿಟ್ಟವನು ಮಿತಿಯೊಳಗೆ ಇಳಿಯುವಾಗ ಬೆಳಗಿನ ನಾಲ್ಕು ಗಂಟೆ, ಪೂರ್ತಿ ಇಳಿಯುವಾಗ ಆರು. ಮೊದಲ ದಂಡ 10,000 ರೂಪಾಯಿ ಅಥವಾ ಆರು ತಿಂಗಳವರೆಗಿನ ಜೈಲು ಎಂದು ಹೇಳುವುದಕ್ಕಿಂತ ಈ ಗಡಿಯಾರವನ್ನು ಮಗನಿಗೆ ಕಾಗದದ ಮೇಲೆ ಬರೆದು ತೋರಿಸುವುದು ಹೆಚ್ಚು ನಾಟುತ್ತದೆ. ಈ ವಯಸ್ಸಿನವರು ಬೆದರಿಕೆಗಿಂತ ಲೆಕ್ಕಕ್ಕೆ ಬೇಗ ಕಿವಿಗೊಡುತ್ತಾರೆ ಎಂಬುದು ನನ್ನ ಅನುಭವ.

ಅದೇ 80 ಮಿಲಿಗ್ರಾಂ ನಲವತ್ತರ ವ್ಯಕ್ತಿಯ ರಕ್ತದಲ್ಲಿರುವುದಕ್ಕೂ ಹದಿನೇಳರ ಹುಡುಗನ ರಕ್ತದಲ್ಲಿರುವುದಕ್ಕೂ ವ್ಯತ್ಯಾಸವಿದೆ. ಎದುರಿನ ಟೆಂಪೊ ಎಷ್ಟು ದೂರವಿದೆ, ಮರಳಿನ ಮೇಲೆ ಬ್ರೇಕ್ ಹಿಡಿದರೆ ಏನಾಗುತ್ತದೆ ಎಂಬ ಅಂದಾಜು ಅನುಭವದಿಂದ ಬರುವಂಥದ್ದು, ಅದು ಹುಡುಗನಿಗೆ ಇನ್ನೂ ಬಂದಿರುವುದಿಲ್ಲ. ಮುಂದಿನ ಪರಿಣಾಮವನ್ನು ತೂಗಿ ನೋಡುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಚಾಲಕರಿಗೆ 50 ಮಿಲಿಗ್ರಾಂ ಮಿತಿ ಸೂಚಿಸಿ, ಹೊಸ ಮತ್ತು ಎಳೆಯ ಚಾಲಕರಿಗೆ ಅದನ್ನು 20ಕ್ಕೆ ಇಳಿಸಬೇಕೆನ್ನುತ್ತದೆ. ನಮ್ಮಲ್ಲಿ ಎಲ್ಲರಿಗೂ ಒಂದೇ ಮಿತಿ. ಇನ್ನು ಹಿಂದಿನ ಸೀಟಿನಲ್ಲಿ ಗೆಳೆಯರಿದ್ದರಂತೂ ವೇಗ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ. ಹಲವು ದೇಶಗಳು ಹೊಸ ಚಾಲಕರಿಗೆ ರಾತ್ರಿಯ ಓಡಾಟವನ್ನೂ ಜೊತೆಗಾರರ ಸಂಖ್ಯೆಯನ್ನೂ ಮೊದಲ ಕೆಲವು ತಿಂಗಳು ನಿರ್ಬಂಧಿಸುವುದು ಇದನ್ನು ಕಂಡೇ. ನಮ್ಮ ಕಾನೂನಿನಲ್ಲಿ ಅದಿಲ್ಲ. ಆದರೆ ಮನೆಯ ಕಾನೂನಿನಲ್ಲಿ ಇರಬಾರದೆಂದು ಯಾರೂ ಹೇಳಿಲ್ಲ.

'ಹೊರಗೆ ಕದ್ದು ಕುಡಿಯುವುದಕ್ಕಿಂತ ಮನೆಯಲ್ಲೇ ನಮ್ಮೆದುರು ಸ್ವಲ್ಪ ರುಚಿ ನೋಡಲಿ, ಮಿತಿ ಕಲಿಯುತ್ತಾನೆ' ಎಂಬ ವಾದವನ್ನು ಓದಿದ, ಒಳ್ಳೆಯ ಮನಸ್ಸಿನ ತಂದೆಯರ ಬಾಯಿಂದಲೇ ಕೇಳಿದ್ದೇನೆ. ಒಂದು ಕಾಲದಲ್ಲಿ ನನಗೂ ಅದು ಸರಿಯೆನಿಸಿತ್ತು. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಹದಿಹರೆಯದವರನ್ನು ಆರು ವರ್ಷಗಳ ಕಾಲ ಅನುಸರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಬೆಂಬಲ ಕೊಡುವುದಿಲ್ಲ. ಪೋಷಕರೇ ಮದ್ಯ ಕೊಟ್ಟ ಮಕ್ಕಳಲ್ಲಿ ಮುಂದಿನ ಕುಡಿತದ ಹಾನಿಗಳು ಕಡಿಮೆಯೇನೂ ಆಗಿರಲಿಲ್ಲ, ಹೆಚ್ಚಾಗಿದ್ದವು. ಹೊರಗಿನಿಂದ ಮದ್ಯ ಸಿಗುವ ಸಂಭವವೂ ಹೆಚ್ಚಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಮಗು ಕಲಿಯುವುದು ಮಿತಿಯನ್ನಲ್ಲ, ಅನುಮತಿಯನ್ನು.

ಅನುಮತಿಯನ್ನು ನಾವು ಮಾತಿನಲ್ಲಿ ಕೊಡದೆಯೂ ಕೊಡುತ್ತೇವೆ. ಮದುವೆಯ ಹಿಂದಿನ ರಾತ್ರಿ, ಇಲ್ಲವೇ ಯಾರದೋ ಮನೆಯ ಗೃಹಪ್ರವೇಶದ ಸಂಜೆ, ಟೆರೇಸಿನ ಮೂಲೆಯಲ್ಲಿ ಎರಡು ಪೆಗ್ಗು ಹಾಕಿದ ತಂದೆ ಹನ್ನೊಂದೂವರೆಗೆ ಕೆಳಗಿಳಿದು ಬಂದು ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸುತ್ತಾನೆ. ತಾಯಿ "ನಿಧಾನ" ಎಂದು ಮೆಲ್ಲಗೆ ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮಗುವೊಂದು ಎಚ್ಚರವಾಗಿದ್ದು ಎಲ್ಲವನ್ನೂ ನೋಡುತ್ತಿರುತ್ತದೆ: ಅಪ್ಪ ಕುಡಿದಿದ್ದಾನೆ, ಓಡಿಸಿದ್ದಾನೆ, ಮನೆ ಮುಟ್ಟಿದ್ದೇವೆ. ಏಳು ವರ್ಷದ ನಂತರ ಅದೇ ಮಗುವಿಗೆ ನಾವು ಮಾಡುವ ಉಪದೇಶ ಈ ಒಂದು ದೃಶ್ಯದ ಎದುರು ನಿಲ್ಲುವುದಿಲ್ಲ.

ಪೊಲೀಸರಿಂದ ಆಗುವುದಿಲ್ಲವೇ ಎಂದರೆ, ಆಗುತ್ತದೆ, ಒಂದು ಮಟ್ಟಿಗೆ. 2006ರ ನವೆಂಬರಿನಲ್ಲಿ ಮುಂಬೈ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಕುಡಿದ ಯುವಕನೊಬ್ಬ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿಸಿ ಏಳು ಮಂದಿ ಸತ್ತರು. ಸುಪ್ರೀಂ ಕೋರ್ಟ್ 2012ರಲ್ಲಿ ಅವನ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪಘಾತದ ಮರುವರ್ಷ, 2007ರಲ್ಲಿ, ಮುಂಬೈ ಸಂಚಾರಿ ಪೊಲೀಸರು ಉಸಿರಾಟದ ತಪಾಸಣೆಯ ನಾಕಾಬಂದಿಯನ್ನು ಬಿಗಿಗೊಳಿಸಿದ ಮೇಲೆ ದುಡಿಯುವ ವಯಸ್ಸಿನ ಎಷ್ಟೋ ಜನ ಪಾರ್ಟಿಗೆ ಟ್ಯಾಕ್ಸಿಯಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡರು. ಆದರೆ ಹದಿನೇಳರ ಹುಡುಗನಿಗೆ ನಾಕಾಬಂದಿ ಕಲಿಸುವುದು ಒಳದಾರಿಗಳನ್ನು. ಯಾವ ಚೌಕದಲ್ಲಿ ಪೊಲೀಸರಿದ್ದಾರೆ ಎಂಬ ಸುದ್ದಿ ವಾಟ್ಸ್ಯಾಪ್ ಗುಂಪಿನಲ್ಲಿ ಕ್ಷಣದಲ್ಲಿ ಹರಿದಾಡುತ್ತದೆ. ಸಿಕ್ಕಿಬಿದ್ದ ಮೇಲಿನ ದಾರಿಯೂ ನೇರವಿಲ್ಲ. 16ರಿಂದ 18ರ ನಡುವಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅಪರಾಧ 'ಘೋರ'ವೆನಿಸಬೇಕು, ಅಂದರೆ ಅದಕ್ಕೆ ಕನಿಷ್ಠ ಏಳು ವರ್ಷದ ಸಜೆ ಇರಬೇಕು. ಕನಿಷ್ಠ ಸಜೆಯೇ ನಿಗದಿಯಾಗಿರದ ಅಪರಾಧ ಈ ಗುಂಪಿಗೆ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ದೆಹಲಿಯಲ್ಲಿ ಅಪ್ರಾಪ್ತನೊಬ್ಬ ಕಾರು ಗುದ್ದಿದ ಪ್ರಕರಣದಲ್ಲೇ ಆ ತೀರ್ಪು ಬಂದದ್ದು. ಪುಣೆಯ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಮನವಿಯನ್ನೂ ಬಾಲನ್ಯಾಯ ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು. ಕಾಯ್ದೆ ಮಕ್ಕಳನ್ನು ಮಕ್ಕಳೆಂದೇ ನೋಡುವುದು ತಪ್ಪೆಂದು ನಾನು ಹೇಳಲಾರೆ. ಹಾಗೆ ನೋಡುವುದಾದರೆ ದೊಡ್ಡವರ ಹೊಣೆ ಇನ್ನಷ್ಟು ದೊಡ್ಡದಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಆ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಲಕಿದ ಭಾಗವೂ ದೊಡ್ಡವರದ್ದೇ. ಹುಡುಗನ ರಕ್ತದ ಮಾದರಿಯನ್ನು ಬದಲಿಸಿ ತಾಯಿಯ ರಕ್ತ ಇಡಲಾಯಿತು, ಮನೆಯ ಚಾಲಕನ ಮೇಲೆ ತಪ್ಪು ಹೊರಲು ಒತ್ತಡ ಹೇರಲಾಯಿತು ಎಂಬುದು ಪೊಲೀಸರ ಆರೋಪ, ಅದರ ಸತ್ಯಾಸತ್ಯವನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ಆ ಸುದ್ದಿ ಓದಿದ ವಾರ ನಮ್ಮ ಸೊಸಾಯಿಟಿಯ ಕಟ್ಟೆಯ ಮೇಲೆ ಒಬ್ಬರು, "ಮಗನಿಗಾಗಿ ಯಾವ ತಾಯಿ ತಾನೇ ಮಾಡುವುದಿಲ್ಲ?" ಎಂದರು, ಮತ್ತು ಕೂತವರಲ್ಲಿ ಇಬ್ಬರು ತಲೆಯಾಡಿಸಿದರು. ಸಿಕ್ಕಿಬೀಳದಂತೆ ಕಾಪಾಡುವುದೇ ಪ್ರೀತಿ ಎಂದು ತಿಳಿದ ಮನೆಯಲ್ಲಿ ಮಗು ಹೆದರುವುದು ಸಿಕ್ಕಿಬೀಳುವುದಕ್ಕೆ ಮಾತ್ರ. ರಸ್ತೆಯ ಇನ್ನೊಂದು ಬದಿಯಲ್ಲಿ ಬರುತ್ತಿರುವವರ ನೆನಪು ಅದಕ್ಕೆ ಬರುವುದಿಲ್ಲ.

ನನ್ನ ಮನೆಯ ಮಾತನ್ನೂ ಹೇಳಬೇಕು. ಮಗ ಹನ್ನೆರಡನೆಯ ತರಗತಿಯಲ್ಲಿದ್ದಾಗ ಗೆಳೆಯನ ಮನೆಗೆ ಓದಲು ಹೋಗುತ್ತೇನೆಂದು ಬಾವಧನಕ್ಕೆ ಹೋಗಿದ್ದ. ಬೆಳಗಿನ ಆರಕ್ಕೆ ಹಾಲಿನ ಪ್ಯಾಕೆಟ್ ತರಲು ಎದ್ದರೆ ಬಚ್ಚಲುಮನೆಯ ದೀಪ ಉರಿಯುತ್ತಿತ್ತು. ಬೇಸಿನ್ನಿನ ಮೇಲೆ ಬಗ್ಗಿ, ಬಲ ಅಂಗೈಗೆ ಡೆಟಾಲ್ ಸುರಿದುಕೊಂಡು, ನನ್ನ ಹೆಂಡತಿ ಹುಬ್ಬು ತಿದ್ದುವ ಚಿಮಟಿಗೆಯಿಂದ ಚರ್ಮದೊಳಗೆ ಹೊಕ್ಕ ಸಣ್ಣ ಜಲ್ಲಿಕಲ್ಲು ಕೀಳುತ್ತಿದ್ದ. ಇಬ್ಬರೂ ಬಿಯರ್ ಕುಡಿದಿದ್ದರು. ಗೆಳೆಯನ ಸ್ಕೂಟರಿನಲ್ಲಿ ಚಾಂದನಿ ಚೌಕದ ಇಳಿಜಾರಿನಲ್ಲಿ ಬಿದ್ದಿದ್ದರು. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಬ್ರೇಕ್ ಹಾಕಿದ್ದರಿಂದ ಉಳಿದಿದ್ದರು. ನನಗೆ ಫೋನ್ ಏಕೆ ಮಾಡಲಿಲ್ಲ ಎಂದು ಕೇಳಿದೆ. "ನೀವು ಬೈತೀರಿ ಅಂತ" ಎಂದ. ಟ್ರಕ್ಕಿಗಿಂತ ನನ್ನ ಭಯ ದೊಡ್ಡದಾಗಿತ್ತು ಅವನಿಗೆ. ಆ ಭಯವನ್ನು ಹದಿನೇಳು ವರ್ಷ ಕಟ್ಟಿ ಬೆಳೆಸಿದವನು ನಾನೇ, ಅದನ್ನು ಶಿಸ್ತು ಎಂದು ಕರೆದುಕೊಂಡಿದ್ದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1981ರಲ್ಲಿ ಹುಟ್ಟಿದ 'ಸ್ಟೂಡೆಂಟ್ಸ್ ಅಗೇನ್ಸ್ಟ್ ಡ್ರೈವಿಂಗ್ ಡ್ರಂಕ್' ಎಂಬ ವಿದ್ಯಾರ್ಥಿ ಸಂಘಟನೆ ಮಕ್ಕಳಿಗೂ ತಂದೆತಾಯಿಯರಿಗೂ ನಡುವೆ ಒಂದು ಒಪ್ಪಂದಪತ್ರವನ್ನು ಬಳಕೆಗೆ ತಂದಿತು. ತಾನು ಕುಡಿದಿದ್ದರೆ, ಅಥವಾ ಗಾಡಿ ಓಡಿಸುವ ಗೆಳೆಯ ಕುಡಿದಿದ್ದರೆ, ಎಷ್ಟು ಹೊತ್ತಾದರೂ ಎಲ್ಲಿಂದಲಾದರೂ ಮನೆಗೆ ಫೋನ್ ಮಾಡುತ್ತೇನೆಂದು ಮಗು ಮಾತು ಕೊಡುತ್ತದೆ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳದೆ, ಜಗಳವಾಡದೆ ಬಂದು ಕರೆದುಕೊಂಡು ಹೋಗುತ್ತೇನೆ, ಮಾತು ನಂತರ ಆಡೋಣ ಎಂದು ತಂದೆ ಅಥವಾ ತಾಯಿ ಮಾತು ಕೊಡುತ್ತಾರೆ; ತಾವೂ ಕುಡಿದಾಗ ಗಾಡಿ ಮುಟ್ಟುವುದಿಲ್ಲವೆಂದು ಸಹಿ ಹಾಕುತ್ತಾರೆ. ಇದು ಕುಡಿಯಲು ಪರವಾನಗಿ ಕೊಟ್ಟಂತೆ ಎಂಬ ಆಕ್ಷೇಪವಿದೆ. ಮಾತನ್ನು ನಂತರ ಆಡದೇ ಬಿಟ್ಟರೆ ಹೌದು, ಹಾಗೆಯೇ ಆಗುತ್ತದೆ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಕೂತು ಆಡುವ ಆ ಮಾತು, ತಪ್ಪಿಗೆ ತಕ್ಕ ಶಿಕ್ಷೆ, ಒಂದು ತಿಂಗಳು ಕೀ ಮುಟ್ಟದಿರುವುದು, ಇವೆಲ್ಲ ಇರಲೇಬೇಕು. ಫೋನ್ ಮಾಡಿದ್ದಕ್ಕೆ ಮಾತ್ರ ಶಿಕ್ಷೆ ಇರಬಾರದು.

ನಾವು ಕಾಗದ ಬರೆಯಲಿಲ್ಲ, ಬಾಯಿಮಾತಿನಲ್ಲೇ ಒಪ್ಪಿಕೊಂಡೆವು. ಗಾಡಿಯ ಕೀ ಈಗ ಬಾಗಿಲ ಪಕ್ಕದ ಮೊಳೆಯಲ್ಲಿಲ್ಲ, ನಮ್ಮ ಕೋಣೆಯ ಗೋದ್ರೇಜಿನೊಳಗಿದೆ. ಮೊದಲ ಕರೆ ಬಂದದ್ದು ಒಂದು ಥರ್ಟಿ ಫಸ್ಟ್ ರಾತ್ರಿ, ಹನ್ನೆರಡು ನಲವತ್ತಕ್ಕೆ, ಬಾಣೇರಿನಿಂದ. ತಾನು ಕುಡಿದಿಲ್ಲ, ಆದರೆ ಕಾರು ತಂದವನು ಕುಡಿದಿದ್ದಾನೆ, ನಾಲ್ಕು ಜನ ಇದ್ದೇವೆ ಎಂದ. ನೈಟ್ ಪ್ಯಾಂಟಿನ ಮೇಲೆ ಸ್ವೆಟರ್ ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಮೂವರನ್ನು ಅವರವರ ಮನೆಗೆ ಬಿಡಬೇಕಿತ್ತು. ಕೊನೆಯ ಹುಡುಗ ತನ್ನ ಸೊಸಾಯಿಟಿಯ ಗೇಟು ಇನ್ನೂ ನೂರು ಹೆಜ್ಜೆ ಇರುವಾಗಲೇ, "ಅಂಕಲ್, ಇಲ್ಲೇ ಇಳಿಸಿ, ಗೇಟಿನ ತನಕ ಬೇಡ, ಪಪ್ಪ ಬಾಲ್ಕನಿಯಲ್ಲಿ ನಿಂತಿರುತ್ತಾರೆ" ಎಂದ. ಇಳಿದು, ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಂಡು, ಗೋಡೆಯ ನೆರಳಿನಲ್ಲಿ ನಡೆದ. ವಾಚ್‌ಮನ್ ಗೇಟು ತೆರೆಯುವವರೆಗೆ ನಾನು ಕಾರಿನ ದೀಪ ಆರಿಸಿ ಅಲ್ಲೇ ನಿಂತಿದ್ದೆ.